ರುಜು ಹಾಕಿದ ಬೈಗುಳ

ಊರಾಚೆಯ ಸೋಪಿನ ಕಾರ್ಖಾನೆಯಲ್ಲಿ ಕಾಸ್ಟಿಕ್ ಎಂಬ ಮಾತಿಗೆ ಅರ್ಥಗಳು ಬಹಳ. ಮೊದಲು ಅದು ಡ್ರಮ್ಮಿನಲ್ಲಿರುವ ಬಿಳಿಯ ಹರಳು. ಬೆರಳಿಗೆ ತಗುಲಿದರೆ ಚರ್ಮ ಏಳುತ್ತದೆ. ಚಹಾ ತೀರಾ ಒಗರಾದರೂ ಕಾಸ್ಟಿಕ್. ಯಜಮಾನರ ಹೆಂಡತಿ ಬಂದುಹೋದ ದಿನವೂ ಕಾಸ್ಟಿಕ್. ಇಪ್ಪತ್ತು ವರ್ಷದಿಂದ ಆ ಹರಳನ್ನು ಕರಗಿಸುತ್ತಿದ್ದ ಹೆಂಗಸಂತೂ ಕಾಸ್ಟಿಕ್ಕಮ್ಮ. ಆಕೆಯ ಬಾಯಿಗೆ ಸಿಕ್ಕವರಿಗೆ ಎರಡು ದಿನ ಊಟ ರುಚಿಸುತ್ತಿರಲಿಲ್ಲ.

ಯಜಮಾನರ ಅಳಿಯ ಹೊಸದಾಗಿ ಮೇಲ್ವಿಚಾರಕನಾಗಿ ಬಂದ. ಕೆಲಸ ಬೇಗ ಸಾಗಲೆಂದು, ಹರಳು ತುಂಬಿದ ಬಾನಿಗೆ ನೀರು ಸುರಿಯಲು ತಾನೇ ಬಕೆಟ್ ಎತ್ತಿದ. ಕಾಸ್ಟಿಕ್ಕಮ್ಮ ಕೂಗಿದಳು:

"ಇಳಿಸೋ ಬಕೆಟ್ನ, ಮುಠ್ಠಾಳ! ಹರಳಿನ ಮೇಲೆ ನೀರು ಹುಯ್ದ್ರೆ ಕುದ್ದು ಮುಖಕ್ಕೇ ಹಾರುತ್ತೆ. ನೀರಿಗೆ ಹರಳು ಹಾಕ್ಬೇಕು, ಹಿಡಿಹಿಡಿಯಾಗಿ. ಮದುವೆಗೆ ಮುಂಚೆ ನಿನ್ನ ತಲೇನ ಯಾರೂ ತಟ್ಟಿ ನೋಡ್ಲಿಲ್ವಾ?"

ಅಳಿಯನ ಮುಖ ಉಳಿಯಿತು; ಮಾನ ಉಳಿಯಲಿಲ್ಲ. ಮಾವನಲ್ಲಿಗೆ ದೂರು ಹೋಯಿತು. ಯಜಮಾನರು ಮಗಳ ಸಂಸಾರವನ್ನು ನೆನೆದು ಹೇಳಿದರು: "ನೋಡಮ್ಮ, ಇನ್ನೊಂದು ಬಿರುಸು ಮಾತು ಆಡಿದ್ರೆ ಕೆಲಸದಿಂದ ತೆಗೀಬೇಕಾಗುತ್ತೆ. ನಾಳೆಯಿಂದ ಸೋಪಿಗೆ ಕಾಗದ ಸುತ್ತೋ ಕಡೆ ಕೂತ್ಕೋ."

ಕಾಸ್ಟಿಕ್ಕಮ್ಮನ ಗಂಡ ಹಾಸಿಗೆ ಹಿಡಿದಿದ್ದ. ಈ ಕೆಲಸ ಹೋದರೆ ಮನೆಯ ಒಲೆ ಹತ್ತುವಂತಿರಲಿಲ್ಲ. ಆಕೆ ತುಟಿ ಹೊಲಿದುಕೊಂಡವಳಂತೆ ಕೂತು ಕಾಗದ ಮಡಿಸತೊಡಗಿದಳು.

ಹರಳು ಕರಗಿಸುವುದು ಅಳಿಯನ ಪಾಲಿಗೆ ಬಂತು. ಬೆಳಿಗ್ಗೆ ಬಾನಿಯ ಮುಂದೆ ಬಹಳ ಹೊತ್ತು ನಿಂತ. ಬೈಗುಳವೆಲ್ಲ ಅಕ್ಷರ ಬಿಡದೆ ನೆನಪಿತ್ತು. ಯಾವುದಕ್ಕೆ ಯಾವುದನ್ನು ಹಾಕಬೇಕೆಂಬುದು ಮಾತ್ರ ಮರೆತುಹೋಗಿತ್ತು. ಕೊನೆಗೆ ಕಾಗದ ಸುತ್ತುವ ಕೋಣೆಗೆ ಬಂದ.

"ಅಮ್ಮಾ, ನೀರಿಗೆ ಹರಳೋ, ಹರಳಿಗೆ ನೀರೋ?"

"ತಮಗೆ ತಿಳೀದೇ ಇರೋದು ಏನಿದೆ, ಅಳಿಯಂದಿರೇ?" ಎಂದಳು ಆಕೆ, ಜೇನು ಸುರಿದಂತೆ. "ನಾನು ಹೇಳೋಕೆ ಹೋಗಿ ಬಾಯಿ ಜಾರಿಬಿಟ್ರೆ?"

ಪಕ್ಕದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು.

"ಅಲ್ಲಿ ಸೋಪಿನ ಎಣ್ಣೆ ಕಾದು ಕೂತಿದೆ. ಬೈದಾದ್ರೂ ಹೇಳಿ."

"ಹಾಗಂತ ಬರೆದುಕೊಡಿ. ಯಜಮಾನರ ರುಜು ಇರ್ಲಿ."

ಅಳಿಯ ಚೀಟಿ ಬರೆದುಕೊಂಡು ಮಾವನಲ್ಲಿಗೆ ಓಡಿದ. ಯಜಮಾನರು ಕನ್ನಡಕ ಹುಡುಕಿ, ಚೀಟಿಯನ್ನು ಎರಡು ಸಲ ಓದಿ, 'ಮಿತವಾಗಿ' ಎಂಬ ಪದ ಸೇರಿಸಿ ರುಜು ಹಾಕಿದರು. ಆಕೆ ಅದನ್ನು ಓದಿಸಿ ಕೇಳಿ, ಆ ಪದವನ್ನು ಹೊಡೆದುಹಾಕಿಸಿ, ಇನ್ನೊಂದು ರುಜು ತರಿಸಿದಳು. ಆಮೇಲೆ ಎದ್ದು, ಕೈಗವಸು ಏರಿಸಿಕೊಂಡು ಬಾನಿಯ ಕಡೆ ಹೊರಟಳು. ಹಿಂದೆ ಅಳಿಯ. ಮೊದಲ ಬೈಗುಳ ಗೇಟಿನ ತನಕ ಕೇಳಿಸಿತು.