ಸರದಿಯ ಗಡಿಯಾರ

ಚಳಿ ಹಿಂದೆಗೆಯುತ್ತಿತ್ತು. ಮೊಗ್ಗು ಬಿರಿಯುವ ಮೊದಲು ಹಣ್ಣಿನ ಗಿಡಗಳಿಗೆಲ್ಲ ಕಸಿ ಕಟ್ಟಿ ಮುಗಿಸಬೇಕು. ಅದಕ್ಕೆ ಸಿಗುವುದು ಮೂರೇ ವಾರ. ಬೆಳಿಗ್ಗೆ ಏಳಕ್ಕೆಲ್ಲ ನರ್ಸರಿಯ ಶೆಡ್ಡಿನಲ್ಲಿ ಉದ್ದನೆಯ ಮೇಜಿನ ಎರಡೂ ಬದಿಗೆ ಜನ ಕೂತಾಗಿತ್ತು. ಕಸಿ ಇಬ್ಬರ ಕೆಲಸ. ಒಬ್ಬರು ಕುಂಡದಲ್ಲಿ ಬೇರೂರಿದ ಸಸಿಯ, ಅಂದರೆ ಬೇರುಗಿಡದ, ತಲೆ ಕತ್ತರಿಸಿ, ಸೀಳಿ, ಒಳ್ಳೆಯ ಜಾತಿಯ ಕುಡಿಯೊಂದನ್ನು ಬೆಣೆಯ ಹಾಗೆ ಚೂಪು ಮಾಡಿ ಅದರೊಳಗೆ ಕೂರಿಸುತ್ತಾರೆ. ಇನ್ನೊಬ್ಬರು ಗಾಳಿ, ನೀರು ಹೋಗದಂತೆ ಪಟ್ಟಿ ಸುತ್ತಿ ಬಿಗಿಯುತ್ತಾರೆ. ಅಲ್ಲಿ ಅಕ್ಕ ತಮ್ಮ ಇಬ್ಬರದು ಹದಿನೆಂಟು ವರ್ಷದ ಜೋಡಿ, ತಮ್ಮ ಕೊಯ್ದದ್ದನ್ನು ಅಕ್ಕ ಕಟ್ಟುತ್ತ ಬಂದಿದ್ದಳು. ಅವನು ಕೂರಿಸಿದ ಕುಡಿಗೂ ಬೇರುಗಿಡಕ್ಕೂ ನಡುವೆ ಕೂದಲೆಳೆ ತೂರುತ್ತಿರಲಿಲ್ಲ.

ಈ ಸಲ ಅವನ ಕೈಯಲ್ಲಿ ಚಾಕು ಇರಲಿಲ್ಲ. ಮೇಜಿನ ತುದಿಯಲ್ಲಿ ಕೂತು ಕುಂಡಗಳಿಗೆ ಚೀಟಿ ಬರೆಯುತ್ತಿದ್ದ. ನಿದ್ದೆಗೆಟ್ಟು ಎರಡು ಸಲ ಹೆಬ್ಬೆರಳು ಕೊಯ್ದುಕೊಂಡ ಮೇಲೆ ಯಜಮಾನರು ಚಾಕು ತೆಗೆದಿಟ್ಟಿದ್ದರು.

“ಮೂರನೇ ಸಲ ಬೆರಳೇ ಕೆಳಗೆ ಬಿದ್ರೆ ಅದಕ್ಕೂ ಕಸಿ ಕಟ್ಟೋಕಾಗುತ್ತೇನಪ್ಪ?” ಅಂದಿದ್ದರು. “ಡಾಕ್ಟರಮ್ಮ ಹೂಂ ಅನ್ನಲಿ, ಚಾಕು ನಾನೇ ಕೈಗೆ ಕೊಡ್ತೀನಿ. ಈ ಕಸಿ ಮುಗಿಯೋದ್ರೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ತಮ್ಮನಿಗೆ ನಲವತ್ತೊಂದು. ಅವನದು ಆಟಿಸಂ ಎಂದು ಗೊತ್ತಾದದ್ದು ಮೂವತ್ತೊಂಬತ್ತು ತುಂಬಿದ ಮೇಲೆ. ಅಲ್ಲಿಯ ತನಕ ‘ವಕೀಲ’ ಎಂಬ ಅಡ್ಡಹೆಸರಿನಲ್ಲೇ ಕೆಲಸ ನಡೆದಿತ್ತು. ಆಡಿದ ಮಾತನ್ನು ಆಡಿದ ಹಾಗೇ ಹಿಡಿಯುತ್ತಿದ್ದ, ತಾನೂ ಹಾಗೇ ಆಡುತ್ತಿದ್ದ.

ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರೂ ಆಕೆ ಮಾತ್ರೆ ಬರೆಯುವವರಲ್ಲ, ಮನಶ್ಶಾಸ್ತ್ರಜ್ಞೆ. ಮಲಗುವ ಹೊತ್ತು ಕಡಿಮೆ ಮಾಡಿ ನಿದ್ದೆ ಗಟ್ಟಿ ಮಾಡುವ ಎಂಟು ವಾರದ ಚಿಕಿತ್ಸೆ. ರಾತ್ರಿ ಒಂದು ಗಂಟೆಗೆ ಮೊದಲು ಹಾಸಿಗೆಗೆ ಹೋಗುವಂತಿಲ್ಲ, ಆರಕ್ಕೆ ಏಳಲೇಬೇಕು, ನಿದ್ದೆ ಬರದಿದ್ದರೆ ಹೊರಳಾಡದೆ ಎದ್ದು ಕುರ್ಚಿಯಲ್ಲಿ ಕೂರಬೇಕು, ಬೆಳಿಗ್ಗೆ ಎಲ್ಲ ಬರೆದಿಡಬೇಕು. ಮೊದಲ ವಾರ ‘ನಿದ್ದೆ ಬಂದದ್ದು ಎಷ್ಟು ಹೊತ್ತಿಗೆ?’ ಎಂಬ ಕಡೆ ಅವನು ಏಳೂ ದಿನ ಬರೆದಿದ್ದ: ‘ಗೊತ್ತಿಲ್ಲ. ಆಗ ನಿದ್ದೆ ಮಾಡುತ್ತಿದ್ದೆ.’

ಡಾಕ್ಟರಮ್ಮ ನಕ್ಕಿದ್ದರು. “ನೀವು ಹೇಳೋದೇ ಸರಿ, ಪ್ರಶ್ನೆ ನಂದು ತಪ್ಪು,” ಎಂದು ಆ ಹಾಳೆಯನ್ನೇ ಅವನಿಗೆ ಹೊಂದುವಂತೆ ಬದಲಿಸಿ ಕೊಟ್ಟರು. ಅವನಿಗೆ ಗೋಡೆ ಗಡಿಯಾರದ ಸದ್ದು ಆಗುವುದಿಲ್ಲವೆಂದು ತಿಳಿದು ಅದನ್ನೂ ತಾವು ಕೂರುವ ಕೋಣೆಯಿಂದ ತೆಗೆಸಿದರು. ಅವತ್ತಿನಿಂದ ತಮ್ಮನಿಗೆ ಆಕೆಯ ಮೇಲೆ ನಂಬಿಕೆ. ಎರಡೂವರೆ ತಾಸಿದ್ದ ನಿದ್ದೆ ಮೂರೂವರೆಗೆ ಬಂತು. ಅಲ್ಲಿ ನಿಂತುಬಿಟ್ಟಿತು.

ಆರನೆಯ ವಾರ ಆಕೆ ಅಕ್ಕನನ್ನು ಒಬ್ಬಳನ್ನೇ ಒಳಗೆ ಕರೆದರು. ಮೇಜಿನ ಮೇಲೆ ಅವನ ಹಾಳೆಗಳಿದ್ದವು.

“ನೋಡಿ, ದಿನಾ ಎರಡು ಗಂಟೆಗೆ ಎಚ್ಚರ. ಯಾಕೆ ಅಂದ್ರೆ ದಿನಾ ಒಂದೇ ಉತ್ತರ: ‘ನನ್ನ ಸರದಿ.’ ಕೇಳಿದ್ದಕ್ಕೆ ಅಮ್ಮನ ವಿಷಯ ಹೇಳಿದ್ರು. ನಿಮ್ಮ ತಪ್ಪಲ್ಲ ಅಂದೆ. ‘ಗಡಿಯಾರ ನನ್ನ ಕೈಯಲ್ಲಿತ್ತು’ ಅಂದ್ರು. ಸಮಾಧಾನದ ಮಾತು ಅವರಿಗೆ ಹತ್ತೋದಿಲ್ಲ, ನಡೆದದ್ದು ಮಾತ್ರ ಹತ್ತುತ್ತೆ. ಆ ರಾತ್ರಿ ನಡೆದದ್ದು ನಿಮಗೇನಾದ್ರೂ ಗೊತ್ತಾ?”

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಗೊತ್ತು,” ಅಂದಳು. ಅಷ್ಟಕ್ಕೇ ಎದ್ದಳು. ಡಾಕ್ಟರಮ್ಮ ಒತ್ತಾಯಿಸಲಿಲ್ಲ.

ಎರಡು ವರ್ಷದ ಹಿಂದೆ ಅಮ್ಮ ಮಲಗಿದಲ್ಲೇ ಇದ್ದಳು. ಕೆಮ್ಮು ಬಂದರೆ ಎತ್ತಿ ಕೂರಿಸಬೇಕು, ಇಲ್ಲವಾದರೆ ಉಸಿರು ಕಟ್ಟುತ್ತಿತ್ತು. ರಾತ್ರಿ ಎರಡರ ತನಕ ಅಕ್ಕ, ಎರಡರಿಂದ ತಮ್ಮ. ಸರದಿ ಯಾರದೋ ಅವರ ಕೈಯಲ್ಲಿ ಅಪ್ಪನ ಕೈಗಡಿಯಾರ. ಮುಗಿಸಿದವರು ಇನ್ನೊಬ್ಬರನ್ನು ಎಬ್ಬಿಸಿ, ತಾವೇ ಅದನ್ನು ಕಟ್ಟಿ, “ಬಿಗಿ ಆಯ್ತಾ?” ಎಂದು ಕೇಳಿ ಹೋಗಿ ಮಲಗಬೇಕು. ಆ ಕ್ರಮ ಮಾಡಿದ್ದು ತಮ್ಮನೇ. ಅವನನ್ನು ಎಬ್ಬಿಸುವುದು ಸುಲಭವಿರಲಿಲ್ಲ. ಎದ್ದು ಕೂತು ಮತ್ತೆ ಮಲಗಿದ್ದೂ ಉಂಟು.

ಆ ರಾತ್ರಿ ಅಕ್ಕ ತನ್ನ ಸರದಿಯಲ್ಲೇ ಕುರ್ಚಿಯಲ್ಲಿ ತೂಕಡಿಸಿದಳು. ದಿನವಿಡೀ ಕುಂಡ ಹೊತ್ತ ಮೈ. ಕಣ್ಣು ಬಿಟ್ಟಾಗ ಬೆಳಕು ಹರಿಯುತ್ತಿತ್ತು, ಅಮ್ಮನ ಕೈ ತಣ್ಣಗಿತ್ತು. ಅವಳು ಅಳಲಿಲ್ಲ. ಪಕ್ಕದ ಕೋಣೆಗೆ ಹೋಗಿ, ನಿದ್ದೆಯಲ್ಲಿದ್ದ ತಮ್ಮನ ಕೈಗೆ ಗಡಿಯಾರ ಕಟ್ಟಿದಳು. ಆಮೇಲೆ ಕೂಗಿದಳು. “ಯಾರಿದ್ರೋ ಹತ್ರ?” ಎಂದು ಸುದ್ದಿ ತಿಳಿದು ಬಂದ ಚಿಕ್ಕಮ್ಮ ಕೇಳಿದಾಗ ಅವನು ಕೈ ನೋಡಿಕೊಂಡು “ನಾನು” ಅಂದ. ಎಬ್ಬಿಸಿದ್ದು ನೆನಪಿಲ್ಲದಿದ್ದರೂ ಗಡಿಯಾರ ಕೈಯಲ್ಲಿತ್ತಲ್ಲ.

ಡಾಕ್ಟರಮ್ಮನಲ್ಲಿಗೆ ಹೋಗಿ ಬಂದ ಮಾರನೆಯ ದಿನ ಕೆಲಸಕ್ಕೆ ನಡೆದು ಹೋಗುವಾಗ, ನರ್ಸರಿಯ ನೀರಿನ ತೊಟ್ಟಿಯ ಹತ್ತಿರ ಅಕ್ಕ ನಿಂತಳು. ಸುತ್ತಿ ಬಳಸಿ ಹೇಳಿದರೆ ಅವನಿಗೆ ತಿಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಅಮ್ಮ ಹೋಗಿದ್ದು ನನ್ನ ಸರದೀಲಿ. ನಿನ್ನ ನಾನು ಎಬ್ಬಿಸ್ಲೇ ಇಲ್ಲ. ನಿದ್ದೇಲಿದ್ದಾಗ ಗಡಿಯಾರ ಕಟ್ಟಿದೆ.”

ಅವನು ತೊಟ್ಟಿಯ ನೀರನ್ನೇ ನೋಡಿದ.

“ಎಷ್ಟು ಹೊತ್ತಿಗೆ?”

“ಐದೂವರೆ ಇರ್ಬೇಕು.”

“ಇರ್ಬೇಕು ಬೇಡ.”

“ಐದು ಇಪ್ಪತ್ತು.”

“ಆಗ ಅಮ್ಮ ಹೋಗಿದ್ಲಾ?”

“ಹೋಗಿದ್ಲು.”

“ಚಿಕ್ಕಮ್ಮ ಕೇಳ್ದಾಗ ನೀನು ಅಲ್ಲೇ ಇದ್ದೆ.”

“ಇದ್ದೆ ಕಣೋ. ಬಾಯಿ ಬರ್ಲಿಲ್ಲ.”

“ಬಾಯಿ ಇತ್ತು,” ಅಂದ ತಮ್ಮ. “ಆಗ್ಲೇ ನೀನು ಕಾಫಿ ಮಾಡಿ ಅಂತ ಪಕ್ಕದ ಮನೆಯವರಿಗೆ ಹೇಳ್ದೆ.”

ಅವನು ಎರಡು ವರ್ಷ ಕಳಚದ ಗಡಿಯಾರವನ್ನು ಬಿಚ್ಚಿದ. ಮಣಿಕಟ್ಟಿನ ಸುತ್ತ ಚರ್ಮ ಬಿಳಿಚಿಕೊಂಡಿತ್ತು. ಅಕ್ಕನ ಕೈ ಹಿಡಿದು, ಸಣ್ಣ ಕೈಯೆಂದು ಎರಡು ತೂತು ಒಳಗೆ ಸರಿಸಿ ಕಟ್ಟಿದ.

“ಬಿಗಿ ಆಯ್ತಾ?”

“ಸರಿಯಾಗಿದೆ,” ಅಂದಳು ಅಕ್ಕ. ಅವನು ಮುಂದೆ ನಡೆದ.

ಎಂಟನೆಯ ವಾರದ ಹೊತ್ತಿಗೆ ನಿದ್ದೆ ನಾಲ್ಕೂವರೆ ತಾಸಿಗೆ ಬಂದಿತ್ತು. ಪೂರ್ತಿ ವಾಸಿ ಅಂತಲ್ಲ, ನಿಯಮ ಬಿಡಬೇಡಿ ಎಂದು ಹೇಳಿ, ಚಾಕು ಹಿಡಿಯಬಹುದೆಂದು ಡಾಕ್ಟರಮ್ಮ ಕಾಗದ ಬರೆದುಕೊಟ್ಟರು. ಕಸಿ ಮುಗಿಯಲು ನಾಲ್ಕು ದಿನ ಉಳಿದಿತ್ತು. ಯಜಮಾನರು ಮಾತಿನಂತೆ ತಾವೇ ಚಾಕು ತಂದು ಅವನ ಮುಂದಿಟ್ಟರು. ಅವನು ಅಲಗನ್ನು ಹೆಬ್ಬೆರಳ ಮೇಲೆ ಆಡಿಸಿ ನೋಡಿ, ಎದ್ದು ಮೇಜಿನ ಆಚೆ ತುದಿಗೆ ಹೋಗಿ ಕೂತ. ಅಲ್ಲಿ ಹೊಸದಾಗಿ ಬಂದ ವಿಧವೆಯೊಬ್ಬಳು ಪಟ್ಟಿ ಕಟ್ಟುತ್ತಿದ್ದಳು.

“ಏನಮ್ಮ ಇದು, ಈ ವಯಸ್ಸಲ್ಲಿ ಅಕ್ಕ ತಮ್ಮ ಠೂ ಬಿಟ್ಟಿದ್ದೀರಾ?” ಎಂದರು ಯಜಮಾನರು.

“ಬೆಳಕು ಆ ಕಡೆ ಚೆನ್ನಾಗಿದೆಯಂತೆ,” ಅಂದಳು ಅಕ್ಕ.

“ಹಾಗಂತ ನಾನು ಹೇಳಿಲ್ಲ,” ಎಂದ ತಮ್ಮ ಅಲ್ಲಿಂದಲೇ, ತಲೆಯೆತ್ತದೆ.

ಯಾರೋ ನಕ್ಕರು. ಅಕ್ಕನಿಗೆ ಆಕಳಿಕೆ ಬಂತು. ಈಗೀಗ ಎರಡಕ್ಕೆ ಎಚ್ಚರವಾಗುವುದು ಅವಳಿಗೆ. ಗೋಡೆಯಾಚೆ ತಮ್ಮನ ಗೊರಕೆ ಕೇಳಿಸುತ್ತದೆ.

ಸಂಜೆ ಕೈ ತೊಳೆಯುವಲ್ಲಿ ಅವಳು ಕೇಳಿದಳು: “ನಾಳೆ ಈ ಕಡೆ ಕೂರ್ತೀಯೇನೋ?”

ಅವನು ಚಾಕು ಒರೆಸಿ ಮಡಚಿದ. “ಗೊತ್ತಿಲ್ಲ,” ಅಂದ.

ಬೇರೆ ಯಾರಾದರೂ ಅಂದಿದ್ದರೆ ಅದರಲ್ಲಿ ಇಲ್ಲವೆಂದೋ ಹೂಂ ಎಂದೋ ಹುಡುಕಬಹುದಿತ್ತು. ಅಕ್ಕ ಗಡಿಯಾರ ನೆನೆಯದ ಹಾಗೆ ಕೈ ಎತ್ತಿ ಹಿಡಿದು, ಇನ್ನೊಂದು ಕೈಯ ಮಣ್ಣು ತೊಳೆದುಕೊಂಡಳು.