ಮೂರನೆಯ ಪ್ಲಗ್

ಅಪ್ಪನ ಹಳೇ ಬೈಕು ಟೈಲರಕ್ಕನ ಪಾಲಿಗೆ ಬಂದದ್ದು ಅವಳ ಅಣ್ಣನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಹೆಣ್ಣುಮಗಳಿಗೆ ಅದ್ಯಾಕೆ ಎಂದು ಆಗಲೇ ಮುಖ ಊದಿಸಿಕೊಂಡಿದ್ದ. ಅವಳು ಸೊಪ್ಪು ಹಾಕಲಿಲ್ಲ. ಇಪ್ಪತ್ತೆರಡು ವರ್ಷ ಅದರ ಮೇಲೆಯೇ ಶಾಲೆಗಳಿಗೆ ಯೂನಿಫಾರ್ಮಿನ ಗಂಟು ಸಾಗಿಸಿದಳು. ಹಿಂದಿನ ಸೀಟಿನಲ್ಲಿ ಗಂಟು ತಬ್ಬಿಕೊಂಡು ಗಂಡ. ಗ್ರಂಥಾಲಯದಲ್ಲಿ ಗುಮಾಸ್ತನಾಗಿದ್ದ ಆತನಿಗೆ ಸೈಕಲ್ಲೂ ನೆಟ್ಟಗೆ ಬರುತ್ತಿರಲಿಲ್ಲ. ಹೆಂಡತಿ ಓಡಿಸುತ್ತಾಳೆ, ನಾನು ಕೂರುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳಿಕೊಳ್ಳುವಷ್ಟು ಧೈರ್ಯ ಮಾತ್ರ ಇತ್ತು.

ಬೈಕು ಕೆಮ್ಮತೊಡಗಿದ್ದು ಸರ್ವಿಸ್ ಆಗಿ ಹದಿನೈದು ದಿನಕ್ಕೆ. ಅಂಗಡಿಸಾಲಿನಲ್ಲಿ ನಿಧಾನಕ್ಕೆ ಹೋಗುವಾಗ ಇಂಜಿನ್ನು ನಡುನಡುವೆ ಒಂದೆರಡು ಬಡಿತ ನುಂಗಿಬಿಡುತ್ತಿತ್ತು, ಆಮೇಲೆ ಸೈಲೆನ್ಸರಿನಲ್ಲಿ ಢಬ್ ಎನ್ನುತ್ತಿತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ಪೂರಾ ನಿಂತೇಹೋಯಿತು. ಹಿಂದಿನ ಲಾರಿಯವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಗಂಡ ಹೆಂಡತಿ ಗಂಟಿನ ಸಮೇತ ಗ್ಯಾರೇಜಿನವರೆಗೆ ತಳ್ಳಿದರು.

ಮೇಸ್ತ್ರಿ ನಾಲ್ಕು ಸಲ ಕಿಕ್ ಹೊಡೆದು, ಕಿವಿಗೊಟ್ಟು ಕೇಳಿ, ಕೈ ಒರೆಸಿಕೊಂಡ. ಪಿಸ್ಟನ್ನು ಸವೆದಿದೆ, ಇಂಜಿನ್ನು ಬಿಚ್ಚಬೇಕು, ಬಿಚ್ಚಿದರೆ ಈ ಮಾಡೆಲ್ಲಿಗೆ ಸಾಮಾನು ಸಿಗುವುದಿಲ್ಲ ಎಂದ. ಹಳೇ ಗಾಡಿಗಳನ್ನು ಕೂಡಿಡುವ ಸಾಹುಕಾರರೊಬ್ಬರು ಗೊತ್ತು, ಹೇಗಿದೆಯೋ ಹಾಗೇ ಒಯ್ದು ಗಾಜಿನ ಕೋಣೆಯಲ್ಲಿ ನಿಲ್ಲಿಸುತ್ತಾರೆ ಎಂದೂ ಸೇರಿಸಿದ. ಸುದ್ದಿ ಅಣ್ಣನ ಕಿವಿಗೆ ಬೀಳಲು ತಡವಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಹೊಲಿಗೆ ಅಂಗಡಿಗೆ ಬಂದ.

"ಸಾಕು ಬಿಡು, ಐವತ್ತೈದಾಯ್ತು ನಿಂಗೆ. ಭಾನುವಾರ ಸಾಹುಕಾರರು ನೋಡೋಕೆ ಬರ್ತಾರೆ. ನಾನೇ ಹೇಳಿದೀನಿ."

ಅವಳು ಕತ್ತರಿ ಕೆಳಗಿಡಲಿಲ್ಲ. "ಹೊಲಿಗೆ ತಪ್ಪಿದ್ರೆ ಯಾರಾದ್ರೂ ಮೆಷಿನ್ನೇ ಮಾರ್ತಾರಾ ಅಣ್ಣ? ಮೊದ್ಲು ಸೂಜಿ ನೋಡ್ತಾರೆ. ಬರೋರು ಬರ್ಲಿ. ಕೊಡೋದು ಬಿಡೋದು ನಂಗೆ ಸೇರಿದ್ದು."

ಅಣ್ಣ ನಕ್ಕು ಹೋದ. ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ, ಆ ನಗು ಮಾತ್ರ ಮೈಯೆಲ್ಲ ಉರಿಸಿತು.

ಮಧ್ಯಾಹ್ನ ಬೈಕನ್ನು ಗ್ಯಾರೇಜಿನಿಂದ ತಳ್ಳಿಕೊಂಡು ಬಂದು, ಅಂಗಡಿಯ ಮುಂದೆಯೇ ಗೋಣಿಚೀಲ ಹಾಸಿ ಕೂತು ಸ್ಪಾರ್ಕ್ ಪ್ಲಗ್ಗು ಬಿಚ್ಚಿದಳು. ತುದಿಯ ತುಂಬ ಒಣ ಮಸಿ, ಬೆರಳಿಗೆ ಕಾಡಿಗೆಯ ಹಾಗೆ ಮೆತ್ತಿತು. ಪಿಸ್ಟನ್ನು ಸವೆದಿದ್ದರೆ ಎಣ್ಣೆಯ ಜಿಡ್ಡು ಇರಬೇಕೆಂದು ಅಪ್ಪ ತೋರಿಸಿಕೊಟ್ಟದ್ದು ಅವಳಿಗೆ ನೆನಪಿತ್ತು. ಜಿಡ್ಡಿನ ಸುಳಿವೇ ಇರಲಿಲ್ಲ. ಪ್ಲಗ್ಗನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿಕೊಂಡು ಬಿಡಿಭಾಗಗಳ ಅಂಗಡಿಗೆ ನಡೆದಳು.

ಅಂಗಡಿಯ ಮುದುಕ ಕನ್ನಡಕ ಹಣೆಗೇರಿಸಿ ಪ್ಲಗ್ಗನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಎಲ್ಲಿ ಓಡಿಸುತ್ತೀರಿ, ಎಷ್ಟು ವೇಗ ಎಂದು ವಿಚಾರಿಸಿದ. ಊರೊಳಗೇ, ಹೆಚ್ಚೆಂದರೆ ಮೂರನೇ ಗೇರು ಎಂದಳು.

"ಇದು ರೇಸಿನ ಪ್ಲಗ್ಗಮ್ಮ, ತಣ್ಣನೇದು. ಬಿಸಿಯನ್ನ ಬೇಗ ಬಿಟ್ಟುಕೊಡುತ್ತೆ. ನೀವು ಹೋಗೋ ನಿಧಾನಕ್ಕೆ ಇದು ಕಾಯೋದೇ ಇಲ್ಲ. ಕಾಯದೆ ಮಸಿ ಸುಡೋದೆಲ್ಲಿಂದ?"

ದುಬಾರಿಯದು ಒಳ್ಳೆಯದೇ ಇರುತ್ತದೆಂದು ಸರ್ವಿಸ್ ಮಾಡುವಾಗ ಮೇಸ್ತ್ರಿ ಕಣ್ಣುಮುಚ್ಚಿ ಹಾಕಿದ್ದನೆಂದು ಆಗ ತಿಳಿಯಿತು. ಮೊದಲಿದ್ದ ಪ್ಲಗ್ಗು ಈಗ ತಯಾರಾಗುತ್ತಿರಲಿಲ್ಲ. ಪ್ಲಗ್ಗಿನ ತಿರುಪಿನ ದಪ್ಪ, ಉದ್ದ ಎರಡೂ ಹೊಂದಬೇಕು, ಇಲ್ಲದಿದ್ದರೆ ಪಿಸ್ಟನ್ನಿಗೇ ತಗುಲೀತು ಎಂದು ಎಚ್ಚರಿಸಿ ಮುದುಕ ಎರಡು ಡಬ್ಬಿ ಮುಂದಿಟ್ಟ. ಒಂದು ಮಧ್ಯಮ, ಇನ್ನೊಂದು ತುಂಬ ಬಿಸಿಯದು. ಮಧ್ಯಮ ಸಾಕು ಎಂದ. ತಣ್ಣನೆಯದರ ಮೇಲಿನ ಸಿಟ್ಟಿಗೆ ಅವಳು ತುಂಬ ಬಿಸಿಯದನ್ನೇ ಎತ್ತಿಕೊಂಡಳು.

ಎರಡು ದಿನ ಬೈಕು ಬೆಣ್ಣೆಯಂತೆ ಓಡಿತು. ಶುಕ್ರವಾರ ದೂರದ ಶಾಲೆಗೆ ಗಂಟು ಹೇರಿಕೊಂಡು ಏರು ಹತ್ತುವಾಗ, ಡಬ್ಬಿಯಲ್ಲಿ ಮೊಳೆ ಕುಲುಕಿದಂತೆ ಇಂಜಿನ್ನಿನೊಳಗೆ ಸದ್ದೆದ್ದಿತು. ನಿಲ್ಲಿಸಿ, ಆರಿದ ಮೇಲೆ ಬಿಚ್ಚಿ ನೋಡಿದರೆ ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. ಸಾಹುಕಾರರಿಗೇ ಕೊಟ್ಟುಬಿಡೋಣವಾ ಎಂದು ಗಂಡ ಮೆತ್ತಗೆ ಕೇಳಿದ. ಅವಳು ತಿರುಗಿ ನೋಡಿದ ರೀತಿಗೆ ಬೈಕು ತಳ್ಳಲು ಹಿಂದೆ ಹೋಗಿ ನಿಂತ. ಹಾಗೆಂದು ಅವಳಿಗೆ ಅಳುಕು ಇರಲಿಲ್ಲವೆಂದಲ್ಲ. ಹಟಕ್ಕೆ ಬಿದ್ದು ಅಪ್ಪನ ಇಂಜಿನ್ನನ್ನು ತಾನೇ ಸುಟ್ಟುಹಾಕುತ್ತಿದ್ದೆ ಎನ್ನಿಸಿತ್ತು.

ಶನಿವಾರ ಮತ್ತೆ ಮುದುಕನ ಎದುರು ನಿಂತಳು. ನಿಮ್ಮ ಮಾತು ಕೇಳಬೇಕಿತ್ತು, ತಪ್ಪು ನನ್ನದೇ ಎಂದು ನೇರವಾಗಿ ಒಪ್ಪಿಕೊಂಡಳು. ಮುದುಕ ಮಧ್ಯಮದ ಡಬ್ಬಿ ತೆಗೆದುಕೊಟ್ಟ. ಮನೆಗೆ ಬಂದು ತೆಳು ಪಟ್ಟಿ ತೂರಿಸಿ ಕಿಡಿ ಹಾರುವ ಸಂದನ್ನು ಅಳೆದಳು, ತಿರುಪು ಕೆಡಬಾರದೆಂದು ಕೈಬೆರಳಿನಲ್ಲೇ ಕೊನೆತನಕ ತಿರುಗಿಸಿ, ಆಮೇಲಷ್ಟೇ ಪಾನಾ ಹಿಡಿದಳು. ಭಾನುವಾರ ಬೆಳಿಗ್ಗೆ ಗಂಡನನ್ನೂ ಗಂಟನ್ನೂ ಏರಿಸಿಕೊಂಡು ಅದೇ ಏರಿಗೆ ಹೋದಳು. ಸದ್ದಿಲ್ಲ, ತಡವರಿಕೆಯಿಲ್ಲ. ಮೇಲೆ ನಿಲ್ಲಿಸಿ ಬಿಚ್ಚಿದಾಗ ಪ್ಲಗ್ಗಿನ ತುದಿ ಒಳ್ಳೇ ಖಾಕಿ ಬಟ್ಟೆಯ ಬಣ್ಣಕ್ಕೆ ಬಂದಿತ್ತು, ಹದವಾಗಿ ಕಾದದ್ದರ ಗುರುತು. ಗಂಡನಿಗೆ ತೋರಿಸಿದಳು. ಅವನಿಗೆ ಏನೂ ಅರ್ಥವಾಗದಿದ್ದರೂ ಅವಳಷ್ಟೇ ಹಿಗ್ಗಿದ.

ಮನೆಗೆ ಮರಳುವಷ್ಟರಲ್ಲಿ ಸಾಹುಕಾರ, ಅಣ್ಣ, ಮೇಸ್ತ್ರಿ ಮೂವರೂ ಬಾಗಿಲಲ್ಲಿದ್ದರು. ಗಾಡಿ ಅಲ್ಲಾಡುವುದೇ ಇಲ್ಲವೆಂದು ಅಣ್ಣ ವಿವರಿಸುತ್ತಿದ್ದಾಗಲೇ ಅದು ಬಂದು ಎದುರು ನಿಂತಿತು. ಸಾಹುಕಾರ ಸುತ್ತ ಒಂದು ಸುತ್ತು ಹಾಕಿ, ಇಂಥದ್ದನ್ನು ಬೀದಿಯ ಧೂಳಿಗೆ ಬಿಡಬಾರದು, ಗಾಜಿನೊಳಗಿಟ್ಟು ಕಾಪಾಡುತ್ತೇನೆ ಎಂದು ನಯವಾಗಿ ನುಡಿದ.

"ಗಾಜಿನೊಳಗೆ ಕೂರೋಕೆ ಇದಕ್ಕೇನು ಕೈಕಾಲು ಬಿದ್ದುಹೋಗಿದೆಯಾ ಸ್ವಾಮಿ? ಸುಮ್ನೆ ಬಂದ್ರಿ ಪಾಪ." ಅವಳು ಚಿಂದಿ ಬಿಚ್ಚಿ ರೇಸಿನ ಪ್ಲಗ್ಗನ್ನು ಮೇಸ್ತ್ರಿಯ ಅಂಗೈಗೆ ಹಾಕಿದಳು. "ಇಂಜಿನ್ ಬಿಚ್ಚಬೇಕು ಅಂದ್ರಲ್ಲ, ಇದನ್ನ ಒಂದ್ಸಲ ಬಿಚ್ಚಿ ನೋಡಿದ್ರಾ?"

ಮೇಸ್ತ್ರಿ ಪ್ಲಗ್ಗಿನ ಮಸಿಯನ್ನು ಉಗುರಿನಿಂದ ಕೆರೆದು ನೋಡಿದ. ಅಣ್ಣನಿಗೆ ಮಾತ್ರ ಸೋಲು ಅರಗಲಿಲ್ಲ. ಇನ್ನೆಷ್ಟು ದಿನ ಅಂತ ಹಿಂಗೆ ಮೆರೀತೀಯ ಎಂದು ಸಾಹುಕಾರನೆದುರೇ ಕೇಳಿಬಿಟ್ಟ.

"ಕಾಲಿಗೆ ಕಿಕ್ ಎಟುಕೋ ತನಕ. ಆಮೇಲೂ ನಿನ್ನ ಕೇಳಿ ಮಾರಲ್ಲ."

ಅಣ್ಣ ನೀರೂ ಮುಟ್ಟದೆ ಹೊರಟ. ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ. ಒಡಹುಟ್ಟಿದವನು ಹಾಗೆ ಮಾತು ಬಿಟ್ಟದ್ದಕ್ಕೆ ಅವಳಿಗೆ ನೋವಾಗದೇ ಇರಲಿಲ್ಲ. ಗಂಡನೊಂದಿಗೆ ಒಂದೆರಡು ಸಲ ಹೇಳಿಕೊಂಡಳು ಕೂಡ. ಹೋಗಿ ರಾಜಿಯಾಗು ಎಂದರೆ ಮಾತ್ರ, ರಾಜಿಯಾಗುವಂಥದ್ದು ನಾನೇನು ಮಾಡಿದ್ದೇನೆ ಎಂದು ಕೇಳಿ, ಹೆಲ್ಮೆಟ್ಟು ತೊಟ್ಟು ಕೆಲಸಕ್ಕೆ ಹೊರಡುತ್ತಿದ್ದಳು.