ಲಾಳದ ಮೂಳೆ

ಪೊಲೀಸರಿಗೆ ಎಲುಬು ಸಿಕ್ಕರೆ ವೈದ್ಯ ಶಾಲೆಯ ಅಂಗರಚನೆ ಮೇಷ್ಟರೇ ಗತಿ ಎನ್ನುವಂತಿದ್ದ ಕಾಲ ಅದು. ಈ ಸಲ ಗೋಣಿಚೀಲದಲ್ಲಿ ಬಂದ ಎಲುಬುಗಳು ಮೇಷ್ಟರ ತಂಗಿಯ ಗಂಡನ ಹಿತ್ತಲಿನವು. ಬೀಗರ ಮನೆಯ ವಿಷಯ, ನನಗೆ ಬೇಡ ಎಂದರೂ ಇನ್‌ಸ್ಪೆಕ್ಟರ್ ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತೇಬಿಟ್ಟ.

ತಂಗಿಯ ಗಂಡ ಬಟ್ಟೆ ವ್ಯಾಪಾರಿ. ಅವನ ಮೊದಲ ಹೆಂಡತಿ ಯಾರ ಜೊತೆಗೋ ಓಡಿಹೋದಳೆಂದು ಊರೆಲ್ಲ ನಂಬಿತ್ತು. ಮೇಷ್ಟರಿಗೆ ಮಾತ್ರ ಆ ಕಥೆ ಗಂಟಲಲ್ಲಿ ಇಳಿದಿರಲಿಲ್ಲ. ಆ ಹೆಂಡತಿ ಇದ್ದಾಗಿನಿಂದಲೂ ಅವನ ಅಂಗಡಿಗೆ ಹೊಲಿದುಕೊಡುತ್ತಿದ್ದ ತಂಗಿ, ಅಣ್ಣ ಬೇಡವೆಂದರೂ ಕೇಳದೆ ಅವನನ್ನೇ ಕಟ್ಟಿಕೊಂಡಳು. ಈಗ ಅವನು ಠಾಣೆಯಲ್ಲಿದ್ದ. ಕೊಲೆಯೆಂದು ಮೇಷ್ಟರು ಬರೆದರೆ ಅವನಿಗೆ ನೇಣೇ ಗತಿ.

ಮೇಷ್ಟರು ಎಲುಬುಗಳನ್ನು ತೊಳೆದು ಮೇಜಿನ ಮೇಲೆ ಜೋಡಿಸಿದರು. ಸೊಂಟ ಅಗಲವಾಗಿತ್ತು, ಹೆಂಗಸೇ. ನಾಲಗೆಯ ಬುಡದಲ್ಲಿರುವ ಲಾಳದಾಕಾರದ ಪುಟ್ಟ ಮೂಳೆ ಮುರಿದಿತ್ತು. ಕತ್ತು ಹಿಸುಕಿದರೆ ಮುರಿಯುವ ಮೂಳೆ. ನಾನು ಅಂದುಕೊಂಡಿದ್ದೇ ಸರಿಯಾಯಿತಲ್ಲ ಎಂದು ಕೈ ತೊಳೆಯಲು ಹಿಂದಿನ ತೊಟ್ಟಿಗೆ ಹೋದರು.

ಬರುವಷ್ಟರಲ್ಲಿ ತಂಗಿ ಊಟದ ಡಬ್ಬಿ ಹಿಡಿದು ಮೇಜಿನ ಪಕ್ಕ ನಿಂತಿದ್ದಳು. ಬಿಸಿಯಿರುವಾಗಲೇ ಊಟ ಮಾಡು ಎಂದವಳು ಡಬ್ಬಿಯನ್ನು ಒಂದು ಕೈಯಲ್ಲೇ ಹಿಡಿದು, ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡು ಬಾಗಿಲ ಕಡೆ ತಿರುಗಿದಳು. ಮೇಷ್ಟರ ಕಣ್ಣು ಅಭ್ಯಾಸಬಲದಿಂದ ಮೇಜಿನ ಮೇಲೆ ತಲೆಯಿಂದ ಕಾಲಿನವರೆಗೆ ಓಡಿತು. ಲಾಳದ ಮೂಳೆ ಇರಲಿಲ್ಲ.

ಇಲಿ ಹೊತ್ತೊಯ್ದಿತೇ? ಇಷ್ಟೆಲ್ಲ ಬಿಟ್ಟು ಅದನ್ನೇ ಆರಿಸಿಕೊಳ್ಳಲು ಇಲಿಯೇನು ವೈದ್ಯ ಶಾಲೆಯಲ್ಲಿ ಓದಿದೆಯೇ! ಮೇಷ್ಟರು ಪರೀಕ್ಷೆಗೆ ಉರು ಹೊಡೆಯುತ್ತಿದ್ದಾಗ ಎದುರಿಗೆ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದವಳು ಈ ತಂಗಿಯೇ. ಬೇರೆ ಯಾವ ಮೂಳೆಗೂ ಅಂಟದ ಮೂಳೆ ಯಾವುದು ಎಂಬುದು ಅವಳಿಗೆ ಬಲು ಇಷ್ಟದ ಪ್ರಶ್ನೆ; ಉತ್ತರ ಇದೇ ಲಾಳದ ಮೂಳೆ. ಗಂಡನನ್ನು ಉಳಿಸಿಕೊಳ್ಳಲು ಕದ್ದಿದ್ದಾಳೆ ಎಂದುಕೊಂಡರು.

"ಮುಷ್ಟಿ ಬಿಚ್ಚು," ಎಂದರು.

"ಮಣ್ಣಲ್ಲಿ ಕಳೆದುಹೋಗಿದೆ ಅಂತ ಬರಿಯಣ್ಣ. ಚಿಕ್ಕ ಮೂಳೆ, ಯಾರು ಕೇಳ್ತಾರೆ?"

"ಅವನ ಪಾಪಾನ ನೀನ್ಯಾಕೆ ಹೊರ್ತೀಯ? ಕತ್ತು ಹಿಸುಕಿದೆ ಅಂತ ಅವನೇ ನಿನ್ನ ಹತ್ರ ಹೇಳಿದ್ನಾ?"

ತಂಗಿಗೆ ಅಳು ತಡೆಯಲಾಗಲಿಲ್ಲ.

"ಅವರಿಗೇನೂ ಗೊತ್ತಿಲ್ಲಣ್ಣ. ಅವಳು ಓಡಿಹೋದ್ಲು ಅಂತ ಅವರು ಈಗ್ಲೂ ನಂಬಿದ್ದಾರೆ."

ಮೇಷ್ಟರು ಇಷ್ಟು ವರ್ಷ ಅನುಮಾನ ಪಟ್ಟಿದ್ದು ಸುಳ್ಳಾಗಲಿಲ್ಲ, ಕತ್ತು ಹಿಸುಕಿದ ಕೈ ಮಾತ್ರ ಅವನದಲ್ಲ, ಇವಳದು. ಅವರು ಕೈ ಚಾಚಿದರು. ಅವಳು ಮುಷ್ಟಿ ಬಿಚ್ಚಿ ಮೂಳೆಯನ್ನು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಅದರ ಜಾಗದಲ್ಲಿ ಜೋಡಿಸಿ, ಕಣ್ಣೊರೆಸಿಕೊಂಡು, ಇನ್‌ಸ್ಪೆಕ್ಟರನ್ನು ಒಳಗೆ ಕರೆದರು.